ಪ್ರಕೃತಿಗೂ ಲೀಸ್ಟ್ ಕೌಂಟ್ ಇದೆಯೇ? ಕ್ವಾರ್ಕ್‌ಗಳ ನಡುವಿನ ಬಲ ಮತ್ತು ಅತಿ ಚಿಕ್ಕ ಉದ್ದ

ಕೂಲಂಬ್ ನಿಯಮ ಓದಿದವರಿಗೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ಎರಡು ಆವೇಶಗಳ ನಡುವಿನ ಬಲ ಅವುಗಳ ದೂರದ ವರ್ಗಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ಅಂದರೆ ಛೇದದಲ್ಲಿ ‘ಆರ್ ಸ್ಕ್ವೇರ್’ ಇದೆ. ಆ ಆರ್ ಸೊನ್ನೆಯಾದರೆ ಏನಾಗುತ್ತದೆ? ‘ಬಲ ಅನಂತವಾಗುತ್ತದೆ’ ಎಂದು ಬರೆದು ನಾವು ಮುಂದೆ ಹೋಗುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅನಂತ ಬಲವನ್ನು ಯಾವ ಪ್ರಯೋಗಾಲಯದಲ್ಲೂ ಯಾರೂ ಅಳೆದಿಲ್ಲ. ಸೂತ್ರವೊಂದು ಅನಂತ ಎಂಬ ಉತ್ತರ ಕೊಟ್ಟರೆ, ‘ಇಲ್ಲಿಂದ ಮುಂದೆ ನನ್ನನ್ನು ಪೂರ್ತಿ ನಂಬಬೇಡಿ’ ಎಂದು ಅದು ಹೇಳುತ್ತಿದೆ ಎಂದೇ ಭೌತಶಾಸ್ತ್ರಜ್ಞರು ತಿಳಿಯುತ್ತಾರೆ.

ಈ ಪ್ರಶ್ನೆಗೆ ಒಂದು ಸಾಧ್ಯ ಉತ್ತರವಿದೆ. ದೂರವನ್ನು ಸೊನ್ನೆಯವರೆಗೆ ಇಳಿಸಲು ಪ್ರಕೃತಿಯೇ ಬಿಡುವುದಿಲ್ಲ, ಅದರಲ್ಲೇ ಒಂದು ಅತಿ ಚಿಕ್ಕ ಉದ್ದವಿದೆ ಎಂಬುದು ಆ ಉತ್ತರ. ‘ಆಕಾಶ ಪಿಕ್ಸೆಲ್‌ಗಳಿಂದ ಆಗಿದೆ ಎಂದು ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ, ನಿಜವೇ ಸರ್?’ ಎಂದು ಕೇಳುತ್ತ ನಮ್ಮ ವಿದ್ಯಾರ್ಥಿಗಳು ಆಗಾಗ ನನಗೆ ವಿಡಿಯೋಗಳನ್ನು ಕಳುಹಿಸುತ್ತಾರೆ. ಸಾಬೀತಾಗಿಲ್ಲ ಎಂಬುದೇ ನನ್ನ ಉತ್ತರ. ಆದರೆ ಅದನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದಕ್ಕಿಂತ, ಅಂಥ ಉದ್ದವೊಂದು ಇದ್ದಿದ್ದೇ ಆದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿ ನೋಡುವುದು ಹೆಚ್ಚು ಉಪಯುಕ್ತ. ಅದಕ್ಕೆ ಒಳ್ಳೆಯ ಉದಾಹರಣೆ ಕ್ವಾರ್ಕ್‌ಗಳು. ಪ್ರೋಟಾನಿನ ಒಳಗೆ ಅಷ್ಟು ಹತ್ತಿರ ಹತ್ತಿರ ಇರುವ ಕಣಗಳು ಅವು. ಇದುವರೆಗಿನ ಪ್ರಯೋಗಗಳಲ್ಲಿ ಅವುಗಳಿಗೆ ಗಾತ್ರವೇ ಕಂಡಿಲ್ಲ. ಇದ್ದರೂ ಅದು 10⁻¹⁸ ಮೀಟರ್‌ಗಿಂತ ಚಿಕ್ಕದು.

ಲ್ಯಾಬಿನ ಲೀಸ್ಟ್ ಕೌಂಟ್, ಪ್ರಕೃತಿಯ ಲೀಸ್ಟ್ ಕೌಂಟ್

ನಮ್ಮ ಲ್ಯಾಬಿನ ವರ್ನಿಯರ್ ಕ್ಯಾಲಿಪರ್ಸ್‌ನ ಲೀಸ್ಟ್ ಕೌಂಟ್ 0.01 ಸೆಂಟಿಮೀಟರ್. ಸ್ಕ್ರೂ ಗೇಜ್‌ನದು 0.01 ಮಿಲಿಮೀಟರ್. ಅದಕ್ಕಿಂತ ಚಿಕ್ಕ ಉದ್ದ ಇಲ್ಲವೇ ಇಲ್ಲ ಎಂದು ಇದರ ಅರ್ಥವಲ್ಲ. ಅದನ್ನು ಓದುವ ಶಕ್ತಿ ಆ ಉಪಕರಣಕ್ಕೆ ಇಲ್ಲ, ಅಷ್ಟೇ. ಇನ್ನೂ ಒಳ್ಳೆಯ ಉಪಕರಣ ತಂದರೆ ಇನ್ನೂ ಚಿಕ್ಕದನ್ನು ಅಳೆಯಬಹುದು.

ಹೀಗೆ ಎಲ್ಲಿಯವರೆಗೆ ಹೋಗಬಹುದು? ಚಿಕ್ಕದನ್ನು ನೋಡಬೇಕಾದರೆ ಚಿಕ್ಕ ತರಂಗಾಂತರದ ಬೆಳಕು ಬೇಕು. ತರಂಗಾಂತರ ಕಡಿಮೆಯಾದಷ್ಟೂ ಫೋಟಾನಿನ ಶಕ್ತಿ ಹೆಚ್ಚು. ಐನ್‌ಸ್ಟೈನ್ ಹೇಳಿದಂತೆ ಶಕ್ತಿಗೂ ಗುರುತ್ವ ಉಂಟು. ಅತಿ ಚಿಕ್ಕ ಜಾಗದಲ್ಲಿ ಅತಿ ಹೆಚ್ಚು ಶಕ್ತಿಯನ್ನು ತುರುಕುತ್ತ ಹೋದರೆ ಒಂದು ಹಂತದಲ್ಲಿ ಆ ಜಾಗವೇ ಕಪ್ಪುಕುಳಿಯಾಗಿ ಮುಚ್ಚಿಕೊಳ್ಳುತ್ತದೆ. ನೋಡಲು ಹಚ್ಚಿದ ದೀಪವೇ ನೋಟವನ್ನು ಮುಚ್ಚಿದಂತೆ! ರಷ್ಯಾದ ಮಾತ್ವೆ ಬ್ರಾನ್‌ಸ್ಟೈನ್ 1936ರಲ್ಲೇ ಈ ದಾರಿಯಲ್ಲಿ ಯೋಚಿಸಿದ್ದರು. 1938ರಲ್ಲಿ ಹೈಸೆನ್‌ಬರ್ಗ್, 1947ರಲ್ಲಿ ಸ್ನೈಡರ್, 1964ರಲ್ಲಿ ಮೀಡ್ ಬೇರೆ ಬೇರೆ ಕಾರಣಗಳಿಂದ ಕನಿಷ್ಠ ಉದ್ದದ ಮಾತೆತ್ತಿದರು.

ಆ ಉದ್ದ ಎಷ್ಟಿರಬಹುದು? ಪ್ರಥಮ ಪಿಯುಸಿಯ ‘ಆಯಾಮ ವಿಶ್ಲೇಷಣೆ’ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಗುರುತ್ವ ಸ್ಥಿರಾಂಕ, ಬೆಳಕಿನ ವೇಗ, ಪ್ಲಾಂಕ್ ಸ್ಥಿರಾಂಕ, ಈ ಮೂರನ್ನೇ ಬಳಸಿ ಉದ್ದದ ಆಯಾಮ ಬರುವಂತೆ ಜೋಡಿಸಿ. ಪ್ಲಾಂಕ್ ಸ್ಥಿರಾಂಕವನ್ನು ಎರಡು ಪೈನಿಂದ ಭಾಗಿಸಿ, ಗುರುತ್ವ ಸ್ಥಿರಾಂಕದಿಂದ ಗುಣಿಸಿ, ಬೆಳಕಿನ ವೇಗದ ಘನದಿಂದ ಭಾಗಿಸಿ, ವರ್ಗಮೂಲ ತೆಗೆದರೆ ಸುಮಾರು 1.6 × 10⁻³⁵ ಮೀಟರ್ ಬರುತ್ತದೆ. ಇದೇ ಪ್ಲಾಂಕ್ ಉದ್ದ. ಮ್ಯಾಕ್ಸ್ ಪ್ಲಾಂಕ್ ಇಂಥ ಸಹಜ ಮಾನಗಳನ್ನು 1899ರಲ್ಲೇ ಸೂಚಿಸಿದ್ದರು.

ಇದು ಎಷ್ಟು ಚಿಕ್ಕದೆಂದರೆ, ಪ್ಲಾಂಕ್ ಉದ್ದವನ್ನು ಒಂದು ಮಿಲಿಮೀಟರಿನ ಸಾಸಿವೆ ಕಾಳಿನಷ್ಟು ಹಿಗ್ಗಿಸಿದರೆ, ಅದೇ ಪ್ರಮಾಣದಲ್ಲಿ ಹಿಗ್ಗಿದ ಪ್ರೋಟಾನಿನ ತ್ರಿಜ್ಯ ಐದು ಜ್ಯೋತಿರ್ವರ್ಷಕ್ಕೂ ಹೆಚ್ಚಾಗುತ್ತದೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರ ಇರುವುದೇ 4.2 ಜ್ಯೋತಿರ್ವರ್ಷ ದೂರದಲ್ಲಿ.

ಕನಿಷ್ಠ ಉದ್ದವನ್ನು ಕ್ವಾಂಟಂ ಸಿದ್ಧಾಂತದೊಳಗೆ ತರುವ ಒಂದು ದಾರಿಯನ್ನು 1995ರಲ್ಲಿ ಕೆಂಪ್, ಮಂಗಾನೊ ಮತ್ತು ಮ್ಯಾನ್ ವಿವರವಾಗಿ ಬರೆದರು. ಸಾಮಾನ್ಯ ಅನಿಶ್ಚಿತತಾ ತತ್ವದಲ್ಲಿ ಸಂವೇಗದ ಅನಿಶ್ಚಿತತೆ ಹೆಚ್ಚಾದಷ್ಟೂ ಸ್ಥಾನದ ಅನಿಶ್ಚಿತತೆಯನ್ನು ಎಷ್ಟು ಬೇಕಾದರೂ ಇಳಿಸಬಹುದು. ಹೊಸ ರೂಪದಲ್ಲಿ ಇನ್ನೊಂದು ಪದ ಸೇರುತ್ತದೆ. ಸಂವೇಗದ ಅನಿಶ್ಚಿತತೆ ಹೆಚ್ಚಾದಂತೆ ಈ ಪದವೂ ಹೆಚ್ಚುತ್ತದೆ. ಒಂದು ಇಳಿಯುತ್ತದೆ, ಇನ್ನೊಂದು ಏರುತ್ತದೆ. ಧನಸಂಖ್ಯೆಯೊಂದನ್ನೂ ಅದರ ವ್ಯುತ್ಕ್ರಮವನ್ನೂ ಕೂಡಿಸಿದರೆ ಮೊತ್ತ ಎಂದೂ 2ಕ್ಕಿಂತ ಕಡಿಮೆಯಾಗುವುದಿಲ್ಲ ಎಂದು ಗಣಿತದಲ್ಲಿ ಕಲಿತಿದ್ದೀರಲ್ಲ, ಇಲ್ಲಿಯೂ ಅದೇ ಕಾರಣಕ್ಕೆ ಸ್ಥಾನದ ಅನಿಶ್ಚಿತತೆ ಒಂದು ಮಿತಿಗಿಂತ ಕೆಳಗೆ ಇಳಿಯುವುದಿಲ್ಲ.

ಕ್ವಾರ್ಕ್‌ಗಳನ್ನು ಹಿಡಿದಿರುವ ಎರಡು ಎಳೆತಗಳು

ಈಗ ಕ್ವಾರ್ಕ್‌ಗಳ ಕಡೆ ಬರೋಣ. 1964ರಲ್ಲಿ ಗೆಲ್‌ಮನ್ ಮತ್ತು ಜ್ವೈಗ್ ಕ್ವಾರ್ಕ್ ಕಲ್ಪನೆಯನ್ನು ಮುಂದಿಟ್ಟರು. 1974ರ ನವೆಂಬರಿನಲ್ಲಿ ಅಮೆರಿಕದ ಎರಡು ಪ್ರಯೋಗಾಲಯಗಳಲ್ಲಿ ಏಕಕಾಲಕ್ಕೆ ಜೆ/ಸೈ ಎಂಬ ಕಣ ಸಿಕ್ಕಿತು. ಇದು ಒಂದು ಚಾರ್ಮ್ ಕ್ವಾರ್ಕ್ ಮತ್ತು ಅದರ ಪ್ರತಿಕಣದ ಜೋಡಿ. ಹೈಡ್ರೋಜನ್ ಪರಮಾಣುವಿನಲ್ಲಿ ಎಲೆಕ್ಟ್ರಾನ್ ಮತ್ತು ಪ್ರೋಟಾನ್ ಸುತ್ತುವಂತೆ ಇಲ್ಲಿ ಕ್ವಾರ್ಕ್ ಮತ್ತು ಪ್ರತಿಕ್ವಾರ್ಕ್. ಹೈಡ್ರೋಜನ್ನಿಗೆ ಶಕ್ತಿಮಟ್ಟಗಳಿದ್ದಂತೆ ಇದಕ್ಕೂ ಶಕ್ತಿಮಟ್ಟಗಳಿವೆ. ಆ ಮಟ್ಟಗಳನ್ನು ನೋಡಿ ಬಲದ ರೂಪವನ್ನು ಊಹಿಸಬಹುದು.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞರು ಹಾಗೆ ಊಹಿಸಿದ ಸೂತ್ರ ಇಂದಿಗೂ ಅದೇ ಹೆಸರಿನಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಎರಡು ಭಾಗಗಳಿವೆ. ಹತ್ತಿರದಲ್ಲಿ ಕೂಲಂಬ್ ಬಲದಂಥದೇ ಎಳೆತ, ಛೇದದಲ್ಲಿ ಆರ್ ಸ್ಕ್ವೇರ್. ದೂರದಲ್ಲಿ ಬೇರೆಯೇ ಬಗೆಯ ಎಳೆತ, ದೂರ ಹೆಚ್ಚಿದರೂ ಕಡಿಮೆಯಾಗದ ಒಂದೇ ಸಮನಾದ ಬಲ.

ಎರಡನೆಯದು ನಮ್ಮ ಬಾವಿಯ ಹಗ್ಗದ ಹಾಗೆ. ತುಂಬಿದ ಕೊಡವನ್ನು ಸೇದುವಾಗ, ಹಗ್ಗದ ತೂಕವನ್ನು ಬಿಟ್ಟರೆ, ಬಾವಿ ಹತ್ತು ಅಡಿ ಆಳವಿರಲಿ ನಲವತ್ತು ಅಡಿ ಆಳವಿರಲಿ ಕೈಗೆ ಬೀಳುವ ಭಾರ ಒಂದೇ. ಆದರೆ ಆಳ ಹೆಚ್ಚಿದಷ್ಟೂ ಮಾಡಬೇಕಾದ ಕೆಲಸ ಹೆಚ್ಚು. ಕ್ವಾರ್ಕ್‌ಗಳ ನಡುವಿನ ಈ ‘ಹಗ್ಗ’ದ ಬಿಗಿತ ಪ್ರತಿ ಫೆರ್ಮಿಗೆ ಸುಮಾರು 0.9 ಗಿಗಾ ಎಲೆಕ್ಟ್ರಾನ್ ವೋಲ್ಟ್. (ಒಂದು ಫೆರ್ಮಿ ಎಂದರೆ 10⁻¹⁵ ಮೀಟರ್.) ನ್ಯೂಟನ್ನಿಗೆ ಪರಿವರ್ತಿಸಿದರೆ ಸುಮಾರು 1.4 ಲಕ್ಷ ನ್ಯೂಟನ್, ಅಂದರೆ 14 ಟನ್ನಿಗೂ ಹೆಚ್ಚು ಭಾರ! ಗದಗ ಎಪಿಎಂಸಿಗೆ ಮಾಲು ತುಂಬಿಕೊಂಡು ಹೋಗುವ ಲಾರಿಯೊಂದರ ತೂಕವನ್ನು ಕಣ್ಣಿಗೆ ಕಾಣದ ಎರಡು ಕಣಗಳ ನಡುವೆ ತೂಗುಹಾಕಿದಂತೆ. ಒಂದು ಫೆರ್ಮಿಗಿಂತ ತುಸು ಹೆಚ್ಚು ಎಳೆದರೆ ಹಗ್ಗ ಹರಿಯುತ್ತದೆ. ಆದರೆ ಹರಿದ ಎರಡೂ ತುದಿಗಳಲ್ಲಿ ಹೊಸ ಕ್ವಾರ್ಕ್ ಮತ್ತು ಪ್ರತಿಕ್ವಾರ್ಕ್ ಹುಟ್ಟಿಕೊಳ್ಳುತ್ತವೆ. ಒಂಟಿ ಕ್ವಾರ್ಕ್ ಎಂದೂ ಹೊರಗೆ ಸಿಗದಿರುವುದು ಇದಕ್ಕೇ.

ಸುಮಾರು ಮೂರನೇ ಒಂದು ಫೆರ್ಮಿ ದೂರದಲ್ಲಿ ಎರಡೂ ಎಳೆತಗಳು ಸಮ. ಅದಕ್ಕಿಂತ ಹತ್ತಿರ ಬಂದರೆ ಕೂಲಂಬ್ ಬಗೆಯದು ಮೇಲುಗೈ. 0.1 ಫೆರ್ಮಿಯಲ್ಲಿ ಅದು ಹಗ್ಗದ ಎಳೆತದ ಹತ್ತು ಪಟ್ಟಿಗೂ ಹೆಚ್ಚು. ಹತ್ತಿರ ಹೋದಂತೆ ಕ್ವಾರ್ಕ್‌ಗಳ ನಡುವಿನ ಬಂಧಾಂಕ ಕಡಿಮೆಯಾಗುತ್ತದೆ ಎಂದು 1973ರಲ್ಲಿ ಗ್ರಾಸ್, ವಿಲ್ಚೆಕ್ ಮತ್ತು ಪೊಲಿಟ್ಜರ್ ತೋರಿಸಿದರು. ಅದಕ್ಕೆ 2004ರ ನೊಬೆಲ್ ಪ್ರಶಸ್ತಿಯೂ ಬಂತು. ಆದರೆ ಆ ಇಳಿಕೆ ತುಂಬ ನಿಧಾನ. ಛೇದದ ಆರ್ ಸ್ಕ್ವೇರ್ ಅದಕ್ಕಿಂತ ಬೇಗ ಚಿಕ್ಕದಾಗುವುದರಿಂದ ಸೂತ್ರದಲ್ಲಿ ಬಲ ಅನಂತದ ಕಡೆಗೇ ಓಡುತ್ತದೆ. ನಮ್ಮ ಮೊದಲ ಪ್ರಶ್ನೆ ಇಲ್ಲಿಯೂ ಹಾಗೇ ನಿಂತಿದೆ.

ಬಳೆಯ ಲೆಕ್ಕ

ಪುಣೆಯ ಐಯುಸಿಎಎ ಸಂಸ್ಥೆಯಲ್ಲಿದ್ದ ಥಾಣು ಪದ್ಮನಾಭನ್ ಒಂದು ಸರಳ ರೂಪವನ್ನು ಮುಂದಿಟ್ಟರು. ಎರಡು ಬಿಂದುಗಳ ನಡುವಿನ ದೂರದ ವರ್ಗ ಬರುವ ಕಡೆಯಲ್ಲೆಲ್ಲ ಅದಕ್ಕೆ ಕನಿಷ್ಠ ಉದ್ದದ ವರ್ಗವನ್ನು ಕೂಡಿಸಿ ಎಂಬುದು ಅದರ ಸಾರ. ಇದನ್ನು ಅವರು ‘ಶೂನ್ಯಬಿಂದು ಉದ್ದ’ ಎಂದು ಕರೆದರು. ಕನಿಷ್ಠ ಉದ್ದವನ್ನು ಎಲ್ ಎನ್ನೋಣ. ಆಗ ಪ್ರಚ್ಛನ್ನ ಶಕ್ತಿಯ ಛೇದದಲ್ಲಿ ಆರ್ ಬದಲು ‘ಆರ್ ಸ್ಕ್ವೇರ್ ಪ್ಲಸ್ ಎಲ್ ಸ್ಕ್ವೇರ್‌ನ ವರ್ಗಮೂಲ’ ಬರುತ್ತದೆ. ಆರ್ ಸೊನ್ನೆಯಾದರೂ ಛೇದ ಸೊನ್ನೆಯಾಗುವುದಿಲ್ಲ.

ಬಲ ಬೇಕಾದರೆ ಇದನ್ನು ಅವಕಲನ ಮಾಡಬೇಕು. ಮಾಡಿ ನೋಡಿದರೆ ಅಂಶದಲ್ಲಿ ಆರ್ ಬರುತ್ತದೆ, ಛೇದದಲ್ಲಿ ‘ಆರ್ ಸ್ಕ್ವೇರ್ ಪ್ಲಸ್ ಎಲ್ ಸ್ಕ್ವೇರ್’ನ ಒಂದೂವರೆ ಘಾತ ಬರುತ್ತದೆ. ಈ ಛೇದವನ್ನು ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ಮೊದಲೇ ನೋಡಿದ್ದಾರೆ. ವಿದ್ಯುತ್ ಹರಿಯುವ ವೃತ್ತಾಕಾರದ ಸುರುಳಿಯ ಅಕ್ಷದ ಮೇಲಿನ ಕಾಂತಕ್ಷೇತ್ರದಲ್ಲಿ ಇರುವುದು ಇದೇ. ಆವೇಶವನ್ನು ಒಂದು ಬಳೆಯ ಮೇಲೆ ಸಮನಾಗಿ ಹರಡಿ, ಬಳೆಯ ಅಕ್ಷದ ಮೇಲೆ ಇನ್ನೊಂದು ಆವೇಶ ಇಟ್ಟರೆ ಸಿಗುವ ಬಲದ ಸೂತ್ರವಂತೂ ಅಕ್ಷರಶಃ ಇದೇ. ಎಲ್ ಇರುವ ಕಡೆ ಬಳೆಯ ತ್ರಿಜ್ಯ ಇಟ್ಟುಕೊಳ್ಳಿ.

ಬಳೆಯನ್ನು ಮನಸ್ಸಿನಲ್ಲಿಟ್ಟರೆ ಉಳಿದದ್ದು ಸುಲಭ. ಬಹಳ ದೂರದಿಂದ ಬಳೆ ಒಂದು ಚುಕ್ಕೆಯಂತೆಯೇ ಕಾಣುತ್ತದೆ, ಆದ್ದರಿಂದ ಹಳೆಯ ಕೂಲಂಬ್ ನಿಯಮವೇ ನಡೆಯುತ್ತದೆ. ಹತ್ತಿರ ಬಂದಂತೆ ಬಲ ಏರುತ್ತದೆ, ಆದರೆ ಅನಂತಕ್ಕೆ ಹೋಗುವುದಿಲ್ಲ. ಆರ್ ಎಂಬುದು ಎಲ್‌ನ ಸುಮಾರು 0.71 ಪಟ್ಟು ಇದ್ದಾಗ ಬಲ ಗರಿಷ್ಠ. ಅಲ್ಲಿಂದ ಒಳಗೆ ಇಳಿಯುತ್ತ ಹೋಗಿ, ಬಳೆಯ ನಟ್ಟನಡುವೆ ಸೊನ್ನೆ! ನಡುವೆ ನಿಂತ ಆವೇಶವನ್ನು ಬಳೆ ಎಲ್ಲ ಕಡೆಯಿಂದಲೂ ಸಮನಾಗಿ ಎಳೆಯುತ್ತದಲ್ಲ. ಕ್ವಾರ್ಕ್ ಎಂದರೆ ಬಳೆ ಎಂದು ನಾನು ಹೇಳುತ್ತಿಲ್ಲ. ಸೂತ್ರದ ಆಕಾರ ಒಂದೇ, ಅಷ್ಟೇ.

ಹಗ್ಗದ ಭಾಗ ಏನಾಯಿತು? ಅಲ್ಲಿಯೂ ಆರ್ ಬದಲು ಅದೇ ವರ್ಗಮೂಲ ಹಾಕಿ ನೋಡಿ. ತೀರ ಹತ್ತಿರದಲ್ಲಿ ಎಳೆತ ಸಡಿಲವಾಗುತ್ತದೆ. ದೂರದಲ್ಲಿ ಏನೂ ಬದಲಾಗುವುದಿಲ್ಲ, ಅದೇ 14 ಟನ್ನಿನ ಹಗ್ಗ. ಅಂದರೆ ಕನಿಷ್ಠ ಉದ್ದವು ಕ್ವಾರ್ಕ್‌ಗಳನ್ನು ಸೆರೆಯಿಂದ ಬಿಡಿಸುವುದಿಲ್ಲ. ಬಲದ ರೇಖೆಯ ಚೂಪು ತುದಿಯನ್ನು ಮಾತ್ರ ಮೊಂಡು ಮಾಡುತ್ತದೆ.

ಅಳೆದು ನೋಡಬಹುದೇ?

ಆಕರ್ಷಣೆ ಮೊಂಡಾದರೆ ಬಂಧನ ತುಸು ಸಡಿಲವಾಗುತ್ತದೆ, ಶಕ್ತಿಮಟ್ಟಗಳು ತುಸು ಮೇಲೇರುತ್ತವೆ. ಎಲ್ಲ ಮಟ್ಟಗಳೂ ಸಮನಾಗಿ ಏರುವುದಿಲ್ಲ. ರಸಾಯನಶಾಸ್ತ್ರದಲ್ಲಿ ಓದುವ ಎಸ್ ಕಕ್ಷಕದಲ್ಲಿ ಕಣ ಕೇಂದ್ರದಲ್ಲಿ ಸಿಗುವ ಸಂಭವ ಇದೆ, ಪಿ ಮತ್ತು ಡಿ ಕಕ್ಷಕಗಳಲ್ಲಿ ಅದು ಕೇಂದ್ರದಲ್ಲಿ ಸೊನ್ನೆ. ಹೀಗಾಗಿ ಎಸ್ ಮಟ್ಟಗಳಿಗೆ ಪೆಟ್ಟು ಹೆಚ್ಚು. ಜೋಡಿ ಚಿಕ್ಕದಾದಷ್ಟೂ ಪರಿಣಾಮ ಹೆಚ್ಚು. ಜೆ/ಸೈ ಒಳಗೆ ಕ್ವಾರ್ಕ್‌ಗಳ ಅಂತರ ಮಾದರಿಗಳ ಲೆಕ್ಕದಲ್ಲಿ ಸುಮಾರು 0.5 ಫೆರ್ಮಿ. 1977ರಲ್ಲಿ ಸಿಕ್ಕ ಅಪ್ಸಿಲಾನ್ ಕಣದಲ್ಲಿ ಬಾಟಮ್ ಕ್ವಾರ್ಕ್‌ಗಳು ಇನ್ನೂ ಭಾರವಾದ್ದರಿಂದ ಸುಮಾರು 0.28 ಫೆರ್ಮಿ. ಆದ್ದರಿಂದ ಹುಡುಕುವವರು ಅಪ್ಸಿಲಾನ್‌ನಲ್ಲಿ ಹುಡುಕುವುದು ಲೇಸು.

ಬದಲಾವಣೆಯ ಪ್ರಮಾಣ ಸ್ಥೂಲವಾಗಿ ‘ಎಲ್ ಭಾಗಿಸು ಜೋಡಿಯ ಗಾತ್ರ’ದ ವರ್ಗದಷ್ಟು. ಎಲ್ ಎಂಬುದು 0.01 ಫೆರ್ಮಿ ಎಂದಿಟ್ಟುಕೊಂಡರೆ ಜೆ/ಸೈಗೆ ಇದು 2500ರಲ್ಲಿ ಒಂದು ಪಾಲು. ಜೆ/ಸೈ ಮತ್ತು ಅದರ ಮೇಲಿನ ಎಸ್ ಮಟ್ಟದ ನಡುವಿನ ಅಂತರ 589 ಮೆಗಾ ಎಲೆಕ್ಟ್ರಾನ್ ವೋಲ್ಟ್. ಆದ್ದರಿಂದ ಬದಲಾವಣೆ ಒಂದು ಮೆಗಾ ಎಲೆಕ್ಟ್ರಾನ್ ವೋಲ್ಟಿನ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಜೆ/ಸೈ ದ್ರವ್ಯರಾಶಿಯನ್ನು ಪ್ರಯೋಗದಲ್ಲಿ ಇದರ ನೂರನೇ ಒಂದು ಭಾಗದಷ್ಟು ನಿಖರವಾಗಿ ಅಳೆದಿದ್ದಾರೆ. ಹಾಗಾದರೆ ಕಂಡುಹಿಡಿಯಬಹುದಲ್ಲ?

ತೊಡಕು ಇರುವುದು ಇಲ್ಲೇ. ಅಳತೆ ನಿಖರ, ಆದರೆ ಅದರ ಜೊತೆ ಹೋಲಿಸಬೇಕಾದ ಮಾದರಿಯ ಲೆಕ್ಕ ಅಷ್ಟು ನಿಖರವಲ್ಲ. ಕ್ವಾರ್ಕ್‌ನ ದ್ರವ್ಯರಾಶಿ, ಬಂಧಾಂಕ, ಹಗ್ಗದ ಬಿಗಿತ ಇವನ್ನೆಲ್ಲ ಅದೇ ಶಕ್ತಿಮಟ್ಟಗಳಿಗೆ ಹೊಂದುವಂತೆ ಆರಿಸಿಕೊಂಡಿರುತ್ತಾರೆ. ಎಲ್ ತಂದ ಬದಲಾವಣೆಯನ್ನು ಬಂಧಾಂಕವನ್ನು ಕೂದಲೆಳೆಯಷ್ಟು ಏರಿಸಿ ಮುಚ್ಚಿಬಿಡಬಹುದು. ತಕ್ಕಡಿಯ ಮುಳ್ಳನ್ನು ಮೊದಲೇ ಸರಿಹೊಂದಿಸಿಕೊಂಡು ತೂಗಿದರೆ, ತೂಕದಲ್ಲಿನ ಸಣ್ಣ ವ್ಯತ್ಯಾಸ ಕಾಣುವುದು ಹೇಗೆ? ಇನ್ನು ಎಲ್ ನಿಜಕ್ಕೂ ಪ್ಲಾಂಕ್ ಉದ್ದವೇ ಆಗಿದ್ದರೆ ಆ ಪಾಲು 10⁻³⁹. ದಶಮಾಂಶ ಬಿಂದುವಿನ ನಂತರ 38 ಸೊನ್ನೆ, ಆಮೇಲೆ ಒಂದು. ಇದನ್ನು ಕ್ವಾರ್ಕ್ ಜೋಡಿಗಳಲ್ಲಿ ಅಳೆಯುವ ಆಸೆ ಇಟ್ಟುಕೊಳ್ಳುವಂತಿಲ್ಲ. ಇಂಥ ಲೆಕ್ಕಗಳು ಪ್ರಾಮಾಣಿಕವಾಗಿ ಹೇಳಬಹುದಾದದ್ದು ಒಂದೇ: ‘ಕನಿಷ್ಠ ಉದ್ದ ಇದ್ದರೆ ಅದು ಇಷ್ಟಕ್ಕಿಂತ ದೊಡ್ಡದಲ್ಲ.’ ‘ಅದು ಇದೆ’ ಎಂದು ಅವು ಹೇಳುವುದಿಲ್ಲ.

ಉದ್ದ ಯಾರದು?

ಕ್ವಾರ್ಕ್‌ಗಳ ಲೆಕ್ಕದಲ್ಲಿ ಇನ್ನೂ ಎರಡು ‘ಕನಿಷ್ಠ ಉದ್ದ’ಗಳು ಬರುತ್ತವೆ. ಪ್ರಕೃತಿಯದಲ್ಲದ ಇವನ್ನು ಪ್ರಕೃತಿಯದೆಂದು ತಿಳಿದು ಗೊಂದಲವಾಗುವ ಸಾಧ್ಯತೆ ಇದೆ.

ಮೊದಲನೆಯದು ಕಂಪ್ಯೂಟರಿನದು. 1974ರಲ್ಲಿ ಕೆನೆತ್ ವಿಲ್ಸನ್ ಆಕಾಶ ಮತ್ತು ಕಾಲವನ್ನು ಚೌಕಳಿಯಂತೆ ಬಿಡಿಸಿ ಕ್ವಾರ್ಕ್ ಬಲವನ್ನು ಲೆಕ್ಕ ಹಾಕುವ ವಿಧಾನ ತಂದರು. ಇದಕ್ಕೆ ಲ್ಯಾಟಿಸ್ ವಿಧಾನ ಎನ್ನುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ಕೆಲಸ ನಡೆದಿದೆ. ಇಂಥ ಲೆಕ್ಕಗಳಲ್ಲಿ ಒಂದು ಮನೆಯ ಅಗಲ ಸಾಮಾನ್ಯವಾಗಿ 0.1 ಫೆರ್ಮಿ ಅಥವಾ ಅದರ ಅರ್ಧ. ಬೆಟಗೇರಿಯ ಮಗ್ಗದ ಸೀರೆಯನ್ನು ನೆನಪಿಸಿಕೊಳ್ಳಿ. ದೂರದಿಂದ ಎಲ್ಲ ಒಂದೇ ಬಟ್ಟೆ. ಕಣ್ಣಿಗೆ ಹತ್ತಿರ ಹಿಡಿದರೆ ಹಾಸು ಹೊಕ್ಕು ಎಳೆಗಳು ಬೇರೆ ಬೇರೆ ಕಾಣುತ್ತವೆ. ಎಳೆಗಳ ಅಂತರ ನೇಕಾರರ ಆಯ್ಕೆ. ಹಾಗೆಯೇ ಲ್ಯಾಟಿಸ್ ಮನೆಯ ಅಗಲ ಲೆಕ್ಕ ಮಾಡುವವರ ಆಯ್ಕೆ. ಅವರು ಬೇರೆ ಬೇರೆ ಅಗಲಗಳಲ್ಲಿ ಲೆಕ್ಕ ಮಾಡಿ, ಕೊನೆಗೆ ಅಗಲವನ್ನು ಸೊನ್ನೆಯ ಕಡೆಗೆ ಒಯ್ದು ಉತ್ತರ ಹೇಳುತ್ತಾರೆ.

ಎರಡನೆಯದು ಮಾದರಿಯದು. ಎರಡು ಕ್ವಾರ್ಕ್‌ಗಳ ಸ್ಪಿನ್‌ಗಳ ನಡುವಿನ ಬಲ, ಸರಳ ಸೂತ್ರದಲ್ಲಿ, ಅವು ಒಂದೇ ಬಿಂದುವಿನಲ್ಲಿದ್ದಾಗ ಮಾತ್ರ ಇರುತ್ತದೆ. ಅದರಿಂದ ಲೆಕ್ಕ ಕೆಡುತ್ತದೆ. ಆದ್ದರಿಂದ ಅದನ್ನು ಸ್ವಲ್ಪ ಜಾಗದಲ್ಲಿ ಹರಡುತ್ತಾರೆ. 2005ರಲ್ಲಿ ಬಾರ್ನ್ಸ್, ಗಾಡ್‌ಫ್ರೇ ಮತ್ತು ಸ್ವಾನ್ಸನ್ ಚಾರ್ಮ್ ಜೋಡಿಗಳಿಗೆ ಬಳಸಿದ ಹರವು ಸುಮಾರು 0.18 ಫೆರ್ಮಿ. ಇದು ನಮ್ಮ ತಿಳಿವಳಿಕೆಯ ಮಿತಿಯನ್ನು ತೋರಿಸುವ ಸಂಖ್ಯೆ, ಆಕಾಶದ ಮಿತಿಯನ್ನಲ್ಲ.

ಆದ್ದರಿಂದ ಇನ್ನು ಮೇಲೆ ಎಲ್ಲಾದರೂ ‘ಕನಿಷ್ಠ ಉದ್ದ’ ಎಂಬ ಮಾತು ಕಂಡರೆ ಮೊದಲು ಕೇಳಿ: ಇದು ಉಪಕರಣದ್ದೋ, ಕಂಪ್ಯೂಟರಿನದೋ, ಮಾದರಿಯದೋ, ಪ್ರಕೃತಿಯದೋ? ಮೊದಲ ಮೂರು ಇವೆ ಎಂದು ಖಚಿತವಾಗಿ ಹೇಳಬಹುದು. ನಾಲ್ಕನೆಯದು ಒಳ್ಳೆಯ ಕಾರಣಗಳಿರುವ ಊಹೆ. ವಿಡಿಯೋಗಳು ಹೇಳದೆ ಬಿಡುವುದು ಈ ವ್ಯತ್ಯಾಸವನ್ನೇ.

ಈ ಕೆಲಸ ನಮ್ಮ ನಾಡಿನಲ್ಲೂ ನಡೆಯುತ್ತದೆ

ಕ್ವಾರ್ಕ್ ಎಂದರೆ ಜಿನೀವಾ, ಅಮೆರಿಕ ಎಂದುಕೊಳ್ಳಬೇಕಿಲ್ಲ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಕೆ. ಬಿ. ವಿಜಯಕುಮಾರ್ ಮತ್ತು ಅವರ ಸಂಗಡಿಗರು ವರ್ಷಗಳ ಕಾಲ ಕ್ವಾರ್ಕ್ ಮಾದರಿಗಳ ಮೇಲೆ ಕೆಲಸ ಮಾಡಿದ್ದಾರೆ. 2011ರಲ್ಲಿ ಅವರು ಭಾರದ ಕ್ವಾರ್ಕ್ ಜೋಡಿಗಳ ಶಕ್ತಿಮಟ್ಟಗಳನ್ನು ಹುಲ್ತೇನ್ ಎಂಬ ಸ್ವೀಡನ್ ವಿಜ್ಞಾನಿಯ ಹೆಸರಿನ ಸೂತ್ರದಿಂದ ಲೆಕ್ಕ ಹಾಕಿ ಪ್ರಕಟಿಸಿದರು. ಈ ಸೂತ್ರವೂ ತೀರ ಹತ್ತಿರದಲ್ಲಿ ಕೂಲಂಬ್ ಸೂತ್ರದಂತೆಯೇ ಚೂಪಾಗುತ್ತದೆ. ಅಂದರೆ ನಾವು ಬಳೆಯ ಲೆಕ್ಕದಲ್ಲಿ ಮಾಡಿದ ಬದಲಾವಣೆಯನ್ನು ಅಲ್ಲಿಯೂ ಮಾಡಿ ನೋಡಬಹುದು. 2017ರಲ್ಲಿ ಚಾರ್ಮ್ ಮತ್ತು ಬಾಟಮ್ ಕ್ವಾರ್ಕ್ ಸೇರಿದ ಜೋಡಿಯ ಬಗ್ಗೆ ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಬಂದ ಲೇಖನದ ಹಿಂದೆ ಪುತ್ತೂರಿನ ಸೇಂಟ್ ಫಿಲೋಮಿನಾ ಕಾಲೇಜಿನ ಭೌತಶಾಸ್ತ್ರ ವಿಭಾಗವೂ ಇತ್ತು. ಪುತ್ತೂರು ನಮ್ಮ ಶಿರಹಟ್ಟಿಯಂತೆಯೇ ಒಂದು ತಾಲೂಕು ಕೇಂದ್ರ. ಈ ಕೆಲಸಕ್ಕೆ ನೆಲದಡಿಯ ದೈತ್ಯ ಯಂತ್ರ ಬೇಕಿಲ್ಲ. ಕಾಗದ, ಒಂದು ಸಾಧಾರಣ ಕಂಪ್ಯೂಟರ್, ಅವಕಲನ ಮತ್ತು ಸಮಾಕಲನ ಸರಿಯಾಗಿ ಬಂದರೆ ಆರಂಭಿಸಬಹುದು.

ದ್ವಿತೀಯ ಪಿಯುಸಿಯವರಿಗೆ ಎರಡು ಲೆಕ್ಕ ಬಿಟ್ಟಿದ್ದೇನೆ. ಒಂದು, ಬಳೆಯ ಸೂತ್ರದಲ್ಲಿ ಬಲ ಗರಿಷ್ಠವಾಗುವ ದೂರವನ್ನು ಅವಕಲನದಿಂದ ನೀವೇ ಕಂಡುಹಿಡಿಯಿರಿ. ಎಲ್ ಅನ್ನು ಎರಡರ ವರ್ಗಮೂಲದಿಂದ ಭಾಗಿಸಿದಷ್ಟು ಬರಬೇಕು. ಎರಡು, ಎಲ್ ಅನ್ನು ಅರ್ಧ ಮಾಡಿದರೆ ಆ ಗರಿಷ್ಠ ಬಲ ಎಷ್ಟು ಪಟ್ಟಾಗುತ್ತದೆ ನೋಡಿ. ಪ್ರಥಮ ಪಿಯುಸಿಯವರು ಪ್ಲಾಂಕ್ ಉದ್ದದ ಆಯಾಮ ಲೆಕ್ಕವನ್ನು ಮಾಡಬಹುದು. ಮಾಡಿದವರು ಹಾಳೆಯನ್ನು ಭೌತಶಾಸ್ತ್ರ ವಿಭಾಗಕ್ಕೆ ತಂದು ತೋರಿಸಿ. ಉತ್ತರ ಬರದಿದ್ದರೂ ಪರವಾಗಿಲ್ಲ, ಯಾವ ಹೆಜ್ಜೆಯಲ್ಲಿ ನಿಂತಿತು ಎಂಬುದನ್ನು ಬರೆದು ತನ್ನಿ. ಅಲ್ಲಿಂದ ಮುಂದೆ ಕೂತು ಮಾಡೋಣ.